ಮಲ್ಲಿಗೆಯಿಂದ ಶಿಲಾಲತೆಗೆ: ಕವಿಯ ವಯಸ್ಸೂ ಕಾವ್ಯದ ವಯಸ್ಸೂ

೧

ಕವಿಗಳ ಕಾಲವನ್ನು ನಿರ್ಣಯಿಸುವುದರಲ್ಲಿ ಕನ್ನಡದ ವಿದ್ವಾಂಸರು ತೋರಿಸಿರುವ ಶ್ರದ್ಧೆ ಸಾಮಾನ್ಯವಾದುದಲ್ಲ. ಶಾಸನಗಳನ್ನೂ ಗ್ರಂಥಾಂತ್ಯದ ಪದ್ಯಗಳನ್ನೂ ಸಂವತ್ಸರಗಳ ಲೆಕ್ಕವನ್ನೂ ಒಂದರ ಪಕ್ಕದಲ್ಲೊಂದಿಟ್ಟು, ಒಬ್ಬೊಬ್ಬ ಕವಿಯನ್ನೂ ಅವನವನ ಶತಮಾನದಲ್ಲಿ ನೆಲೆಗೊಳಿಸುವ ಕೆಲಸ ಬಹುಮಟ್ಟಿಗೆ ನಡೆದಿದೆ. ಆದರೆ ಕಾಲವೆಂಬುದಕ್ಕೆ ಎರಡು ಮುಖಗಳುಂಟು. ಲೋಕಕ್ಕೆಲ್ಲ ಸಮಾನವಾದ ಶಕವರ್ಷವು ಒಂದು. ಕವಿಯೊಬ್ಬನಿಗೇ ಸೇರಿದ ಆಯುಷ್ಯದ ವರ್ಷವು ಮತ್ತೊಂದು. ಪಂಪನು ಹುಟ್ಟಿದುದು ದುಂದುಭಿ ಸಂವತ್ಸರದಲ್ಲಿ, ಎಂದರೆ ಕ್ರಿ. ಶ. ೯೦೨ರಲ್ಲಿ, ಆದಿಪುರಾಣವು ಮುಗಿದುದು ೯೪೧ರಲ್ಲಿ. ಈ ಎರಡು ಸಂಖ್ಯೆಗಳನ್ನು ಸಾಹಿತ್ಯಚರಿತ್ರೆಗಳು ತಪ್ಪದೆ ಕೊಡುತ್ತವೆ. ಆದರೆ ಅವುಗಳನ್ನು ಕಳೆದರೆ ಉಳಿಯುವ ಮೂವತ್ತೊಂಬತ್ತು ಎಂಬ ಮೂರನೆಯ ಸಂಖ್ಯೆಗೆ ಏನಾದರೂ ಅರ್ಥವುಂಟೆ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ನೀಲಾಂಜನೆಯ ನೃತ್ಯದ ನಡುವೆ ಅವಳ ಆಯುಸ್ಸು ತೀರಿದುದನ್ನು ಕಂಡು ಆದಿದೇವನಿಗೆ ವೈರಾಗ್ಯವುಂಟಾದ ಪ್ರಸಂಗವನ್ನು ಬರೆದವನು ಹದಿಹರೆಯದವನೂ ಅಲ್ಲ, ಮುದುಕನೂ ಅಲ್ಲ. ಭೋಗವನ್ನು ಒಳಗಿನಿಂದ ಬಲ್ಲ, ಅದರ ಅಂಚನ್ನು ಆಗತಾನೆ ಕಾಣತೊಡಗಿದ ವಯಸ್ಸಿನವನು.

ಈ ಪ್ರಶ್ನೆಯನ್ನು ಪ್ರಾಚೀನರ ವಿಷಯದಲ್ಲಿ ಬೆಳೆಸುವುದು ಕಷ್ಟ; ಅವರ ಜೀವನದ ಸಂಗತಿಗಳು ಸಾಲವು. ಆಧುನಿಕರಲ್ಲಿ ಹಾಗಲ್ಲ. ಅವರಲ್ಲಿಯೂ ಈ ವಿಚಾರಕ್ಕೆ ಎಲ್ಲರಿಗಿಂತ ತಕ್ಕ ಉದಾಹರಣೆ ಕೆ. ಎಸ್. ನರಸಿಂಹಸ್ವಾಮಿಯವರದು. ಕಿಕ್ಕೇರಿಯಲ್ಲಿ ೧೯೧೫ರಲ್ಲಿ ಹುಟ್ಟಿ, ೧೯೩೬ರಲ್ಲಿ ವಿವಾಹವಾಗಿ, ಸರ್ಕಾರಿ ಕಛೇರಿಗಳಲ್ಲಿ ದುಡಿದು, ೧೯೭೦ರಲ್ಲಿ ನಿವೃತ್ತರಾಗಿ, ೨೦೦೩ರಲ್ಲಿ ಕಾಲವಾದ ಈ ಕವಿಯ ಬಾಳು ಹೊರಗಿನಿಂದ ನೋಡಿದರೆ ಸಾಧಾರಣ ಗೃಹಸ್ಥನ ಬಾಳೇ ಸರಿ. ಅವರ ‘ಮೈಸೂರು ಮಲ್ಲಿಗೆ’ ಪ್ರಕಟವಾದುದು ೧೯೪೨ರಲ್ಲಿ, ಕವಿಯ ಇಪ್ಪತ್ತೇಳನೆಯ ವಯಸ್ಸಿನಲ್ಲಿ. ‘ಶಿಲಾಲತೆ’ ಪ್ರಕಟವಾದುದು ೧೯೫೮ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ. ಮೊದಲನೆಯದು ಮನೆಮನೆಯ ಹಾಡಾಯಿತು. ಎರಡನೆಯದು ವಿದ್ವಾಂಸರ ಚರ್ಚೆಯ ವಸ್ತುವಾಯಿತು. ಈ ಎರಡರ ನಡುವಣ ವ್ಯತ್ಯಾಸಕ್ಕೆ ರೂಢಿಯಲ್ಲಿರುವ ವಿವರಣೆ ಒಂದೇ: ನವ್ಯದ ಗಾಳಿ ಬೀಸಿತು, ಕವಿಯು ಅದಕ್ಕೆ ಓಗೊಟ್ಟನು. ಈ ಮಾತನ್ನು ಹೊಗಳಿಕೆಯಾಗಿ ಹೇಳುವವರೂ ಉಂಟು, ದೂರಾಗಿ ಹೇಳುವವರೂ ಉಂಟು. ಇಬ್ಬರಿಗೂ ಕಾರಣ ಮಾತ್ರ ಹೊರಗಿನದು. ಕಾರಣವು ಒಳಗೂ ಇರಬಹುದೆ, ಇಪ್ಪತ್ತೇಳಕ್ಕೂ ನಲವತ್ತಮೂರಕ್ಕೂ ನಡುವೆ ಮನುಷ್ಯನ ಮೈಮನಸ್ಸುಗಳಲ್ಲಿ ಆಗುವ ಮಾರ್ಪಾಡಿಗೂ ಈ ಕಾವ್ಯದ ಮಾರ್ಪಾಡಿಗೂ ಸಂಬಂಧವುಂಟೆ ಎಂಬುದೇ ಇಲ್ಲಿಯ ವಿಚಾರ.

೨

ಮನುಷ್ಯನ ಆಯುಸ್ಸನ್ನು ಭಾಗಿಸಿ ನೋಡುವುದು ಭಾರತೀಯರಿಗೆ ಹೊಸದಲ್ಲ. ಆಶ್ರಮಗಳು ನಾಲ್ಕು, ಅವುಗಳಲ್ಲಿ ಯೌವನವೂ ನಡುವಯಸ್ಸೂ ಸೇರಿ ಗಾರ್ಹಸ್ಥ್ಯವೆಂಬ ಒಂದೇ ಹೆಸರಿನಲ್ಲಿ ಅಡಗಿವೆ. ಮೈಯ ಸುಕ್ಕು, ತಲೆಯ ನರೆ, ಮಗನ ಮಗು, ಇವುಗಳನ್ನು ಕಂಡ ಗೃಹಸ್ಥನು ಅರಣ್ಯವನ್ನು ಆಶ್ರಯಿಸಬೇಕೆಂಬುದು ಮನುಸ್ಮೃತಿಯ ಆರನೆಯ ಅಧ್ಯಾಯದ ವಿಧಿ. ಇಲ್ಲಿ ಹೇಳಿರುವ ಮೂರು ಗುರುತುಗಳಲ್ಲಿ ಎರಡು ದೇಹಕ್ಕೆ ಸೇರಿದವು, ಒಂದು ಸಂಸಾರಕ್ಕೆ ಸೇರಿದ್ದು. ಬುದ್ಧಿಯ ಗುರುತು ಯಾವುದನ್ನೂ ಹೇಳಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಗೃಹಸ್ಥನಾದ ಮೊದಲ ದಿನಕ್ಕೂ ನರೆಯನ್ನು ಕಂಡ ದಿನಕ್ಕೂ ನಡುವೆ ಇರುವ ಮೂವತ್ತು ವರ್ಷಗಳಲ್ಲಿ ಏನೇನು ನಡೆಯುವುದೆಂಬುದನ್ನು ಧರ್ಮಶಾಸ್ತ್ರವು ಕರ್ತವ್ಯಗಳ ಪಟ್ಟಿಯಾಗಿ ಹೇಳಿತೇ ಹೊರತು ಅನುಭವದ ಕಥೆಯಾಗಿ ಹೇಳಲಿಲ್ಲ.

ಆ ಕಥೆಯನ್ನು ಬಿಡಿಸಲು ಹೊರಟುದು ಇಪ್ಪತ್ತನೆಯ ಶತಮಾನದ ಮನಶ್ಶಾಸ್ತ್ರ. ೧೯೫೦ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಎರಿಕ್ ಎರಿಕ್ಸನ್ ಅವರು ಆಯುಸ್ಸನ್ನು ಎಂಟು ಘಟ್ಟಗಳಾಗಿ ವಿಂಗಡಿಸಿ, ಒಂದೊಂದು ಘಟ್ಟಕ್ಕೂ ಒಂದೊಂದು ಇಕ್ಕಟ್ಟನ್ನು ಹೇಳಿದರು. ತಾರುಣ್ಯದ ಇಕ್ಕಟ್ಟು ಆಪ್ತತೆಗೂ ಏಕಾಕಿತನಕ್ಕೂ ನಡುವಣದು: ತನ್ನನ್ನು ಕಳೆದುಕೊಳ್ಳದೆ ಇನ್ನೊಬ್ಬರೊಡನೆ ಒಂದಾಗಬಲ್ಲನೆ ಎಂಬುದು. ನಡುವಯಸ್ಸಿನ ಇಕ್ಕಟ್ಟು ಸಂವರ್ಧನಕ್ಕೂ ಸ್ತಂಭನಕ್ಕೂ ನಡುವಣದು: ತನ್ನ ತರುವಾಯ ಬರುವವರನ್ನೂ ಉಳಿಯತಕ್ಕ ಕೆಲಸಗಳನ್ನೂ ಬೆಳೆಸಬಲ್ಲನೆ, ಅಥವಾ ತನ್ನೊಳಗೇ ನಿಂತ ನೀರಾಗುವನೆ ಎಂಬುದು. ಒಂದೇ ಗಾರ್ಹಸ್ಥ್ಯವು ಇಲ್ಲಿ ಎರಡಾಗಿ ಸೀಳಿದೆ.

ದೇಹದ ವಿಷಯವು ಇದಕ್ಕಿಂತ ಸ್ಪಷ್ಟ. ಎಲುಬಿನ ಗಟ್ಟಿತನವೂ ಸ್ನಾಯುಗಳ ಬಲವೂ ಮೂವತ್ತರ ಆಸುಪಾಸಿನಲ್ಲಿ ತುದಿಮುಟ್ಟಿ, ಅಲ್ಲಿಂದ ಮುಂದೆ ಬಹು ಮೆಲ್ಲಗೆ ಇಳಿಯುವುವು. ಕಣ್ಣಿನ ಮಸೂರವು ಬಾಗುವ ಗುಣವನ್ನು ಕಳೆದುಕೊಳ್ಳುತ್ತ ಬಂದು, ನಲವತ್ತರ ಹೊತ್ತಿಗೆ ಹತ್ತಿರದ ಅಕ್ಷರ ಮಸುಕಾಗುವುದು. ಕನ್ನಡದ ಆಡುಮಾತು ಇದಕ್ಕೆ ಕೊಟ್ಟ ಹೆಸರು ‘ಚಾಳೀಸು’. ಹೆಸರೇ ನಲವತ್ತು ಎಂಬ ಹಿಂದೂಸ್ತಾನಿಯ ಸಂಖ್ಯೆ. ವಯಸ್ಸಿನ ಲೆಕ್ಕವನ್ನು ಮೂಗಿನ ಮೇಲೆ ಕೂರಿಸಿದ ಈ ಮಾತಿನಲ್ಲಿ ಜನದ ಶರೀರಶಾಸ್ತ್ರವೆಲ್ಲ ಇದೆ.

ಬುದ್ಧಿಯ ವಿಷಯದಲ್ಲಿ ಲೋಕರೂಢಿಯು ಅವಸರಪಟ್ಟಿದೆ. ಅರವತ್ತಕ್ಕೆ ಅರಳುಮರಳೆಂಬ ಗಾದೆಯು ಬುದ್ಧಿಯು ದೇಹದೊಡನೆಯೇ ಇಳಿಯುವುದೆಂದು ಭಾವಿಸುತ್ತದೆ. ರೇಮಂಡ್ ಕೆಟೆಲ್ ಮತ್ತು ಜಾನ್ ಹಾರ್ನ್ ಎಂಬವರು ೧೯೬೦ರ ದಶಕದಲ್ಲಿ ತೋರಿಸಿದಂತೆ ಬುದ್ಧಿಯು ಒಂದಲ್ಲ, ಎರಡು ಬಗೆಯದು. ಹೊಸ ಸಮಸ್ಯೆಯನ್ನು ಥಟ್ಟನೆ ಬಿಡಿಸುವ ಹರಿಯುವ ಬುದ್ಧಿಯೊಂದು. ಕಲಿಕೆ ಅನುಭವಗಳಿಂದ ಶೇಖರವಾದ ಹರಳುಗಟ್ಟಿದ ಬುದ್ಧಿ ಇನ್ನೊಂದು. ಮೊದಲನೆಯದು ತಾರುಣ್ಯದಲ್ಲಿ ತುದಿಮುಟ್ಟಿ ಇಳಿಯುವುದು. ಎರಡನೆಯದು ನಡುವಯಸ್ಸಿನುದ್ದಕ್ಕೂ ನಿಲ್ಲುವುದು, ಎಷ್ಟೋ ಜನರಲ್ಲಿ ಏರುವುದು. ಶಬ್ದಸಂಪತ್ತು ಈ ಎರಡನೆಯ ಬಗೆಗೆ ಸೇರಿದ್ದು. ಕವಿಯ ಬಂಡವಾಳವೇ ಶಬ್ದವಾದುದರಿಂದ, ಈ ಸಂಗತಿಯು ಸಾಹಿತ್ಯವಿಮರ್ಶಕನಿಗೆ ಅನ್ಯವಾದುದಲ್ಲ.

೩

‘ಮೈಸೂರು ಮಲ್ಲಿಗೆ’ಯನ್ನು ಈ ಬೆಳಕಿನಲ್ಲಿ ನೋಡತಕ್ಕುದು. ಆ ಸಂಕಲನದ ಲೋಕ ಚಿಕ್ಕದು: ಮಾವನ ಮನೆ, ತೌರುಮನೆ, ನವಿಲೂರಿನಂಥ ಒಂದು ಊರು, ನಡುವೆ ಸುದ್ದಿಯನ್ನು ಹೊತ್ತು ತಿರುಗುವ ಬಳೆಗಾರ ಚೆನ್ನಯ್ಯ. ಅಲ್ಲಿಯ ದುಃಖವೆಂದರೆ ಹೆಂಡತಿಯು ತೌರಿನಲ್ಲಿ ನಿಂತುಹೋದುದು. ಅಲ್ಲಿಯ ಕೋಪವೆಂದರೆ ಒಂದು ರಾತ್ರಿಯ ಮುನಿಸು. ಈ ಲೋಕವು ತೀರ ಸಂಕುಚಿತವೆಂದು, ೧೯೪೨ರಂಥ ವರ್ಷದಲ್ಲಿ ದೇಶವೇ ಚಳವಳಿಯ ಬಿಸಿಯಲ್ಲಿರುವಾಗ ಇಂಥ ಹಾಡುಗಳಿಗೆ ಏನು ಬೆಲೆಯೆಂದು ಆಕ್ಷೇಪಿಸುವುದು ಸುಲಭ. ಆದರೆ ತಾರುಣ್ಯದ ಮೊದಲ ಹೊಣೆ ಇನ್ನೊಬ್ಬರೊಡನೆ ಆಪ್ತತೆಯನ್ನು ಸಾಧಿಸುವುದೆಂದು ಒಪ್ಪಿದರೆ, ಈ ಸಂಕುಚಿತತೆಯು ದೋಷವಲ್ಲ, ವಸ್ತುವಿನ ಧರ್ಮ. ಹಿರಿಯರು ಕೂಡಿಸಿದ ಮದುವೆಯಲ್ಲಿ ಅಪರಿಚಿತರಿಬ್ಬರು ಪರಿಚಿತರಾಗುವ ಕ್ರಮವನ್ನೇ ಈ ಕವಿತೆಗಳು ಒಂದೊಂದು ಹೆಜ್ಜೆಯಾಗಿ ಹಿಡಿದಿವೆ. ಗಂಡನು ಹೆಂಡತಿಯ ತೌರಿನವರ ನಡುವೆ ಅತಿಥಿ. ಹೆಂಡತಿಯು ಗಂಡನ ಮನೆಗೆ ಹೊಸಬಳು. ಎರಡು ಮನೆಗಳ ನಡುವಣ ಹಾದಿಯೇ ಈ ಕಾವ್ಯದ ಭೂಗೋಳವಾದುದು ಆಕಸ್ಮಿಕವಲ್ಲ. ಪ್ರೇಮವು ಇಲ್ಲಿ ವಿವಾಹಕ್ಕೆ ಮುಂಚಿನ ಸಾಹಸವಾಗಿರದೆ ವಿವಾಹದ ತರುವಾಯದ ಅಭ್ಯಾಸವಾಗಿದೆ.

ಇಪ್ಪತ್ತೇಳರಲ್ಲಿ ಇಂಥ ಕೃತಿ ಬಂದುದು ಹಾರ್ವೆ ಲೇಮನ್ ಅವರಿಗೆ ಸೋಜಿಗವೆನಿಸುತ್ತಿರಲಿಲ್ಲ. ವಯಸ್ಸಿಗೂ ಸಾಧನೆಗೂ ಇರುವ ನಂಟನ್ನು ಕುರಿತು ೧೯೫೩ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಭಾವಗೀತೆಯ ಶಿಖರವನ್ನು ಇಪ್ಪತ್ತರ ದಶಕದ ಉತ್ತರಾರ್ಧದಲ್ಲಿಯೇ ಇಟ್ಟಿರುವರು. ಕಾದಂಬರಿಯ ಶಿಖರವು ಅದಕ್ಕಿಂತ ಬಹಳ ತಡವಾದುದು. ಈ ಲೆಕ್ಕವನ್ನು ಹಿಡಿದು ಹೊರಟರೆ ‘ಮಲ್ಲಿಗೆ’ಯು ಶಿಖರ, ಮುಂದಿನದೆಲ್ಲ ಇಳಿಜಾರು ಎಂದು ತೀರ್ಪು ಕೊಡುವುದು ಸುಲಭವಾಗುವುದು. ಪಾಠಪುಸ್ತಕಗಳೂ ಗಾಯಕರೂ ಬಹುಮಟ್ಟಿಗೆ ಈ ತೀರ್ಪನ್ನೇ ಆಚರಣೆಯಲ್ಲಿ ತಂದಿರುವರು. ಆದರೆ ವೇಯ್ನ್ ಡೆನ್ನಿಸ್ ಅವರು ೧೯೬೬ರಲ್ಲಿ ಲೇಮನ್‌ರ ಲೆಕ್ಕದಲ್ಲಿದ್ದ ಕುಂದನ್ನು ತೋರಿಸಿಕೊಟ್ಟರು. ಅಲ್ಪಾಯುಗಳನ್ನೂ ದೀರ್ಘಾಯುಗಳನ್ನೂ ಒಟ್ಟಿಗೆ ಎಣಿಸಿದರೆ ಎಳೆಯ ವಯಸ್ಸಿನ ಕೃತಿಗಳೇ ಹೆಚ್ಚಾಗಿ ಕಾಣುವುದು ಸಹಜ. ಸತ್ತವನು ನಲವತ್ತರಲ್ಲಿ ಬರೆಯಲಾರನಷ್ಟೆ. ದೀರ್ಘಕಾಲ ಬಾಳಿದವರನ್ನು ಮಾತ್ರ ತೆಗೆದುಕೊಂಡು ನೋಡಿದಾಗ, ಸಾಹಿತ್ಯ ಚರಿತ್ರೆ ಮುಂತಾದ ವಿದ್ಯೆಗಳಲ್ಲಿ ಕೆಲಸವು ನಡುವಯಸ್ಸನ್ನು ದಾಟಿಯೂ ಸಾಗುವುದೆಂಬುದು ಅವರಿಗೆ ಕಂಡುಬಂದಿತು.

ನರಸಿಂಹಸ್ವಾಮಿಯವರ ಸಂಕಲನಗಳ ಹೆಸರುಗಳನ್ನು ಕ್ರಮವಾಗಿ ಜೋಡಿಸಿದರೆ ಒಂದು ಕುತೂಹಲದ ಸಂಗತಿ ಹೊರಪಡುವುದು. ೧೯೪೨ರಲ್ಲಿ ‘ಮೈಸೂರು ಮಲ್ಲಿಗೆ’, ೧೯೪೭ರಲ್ಲಿ ‘ದೀಪದ ಮಲ್ಲಿ’, ೧೯೫೨ರಲ್ಲಿ ‘ಇರುವಂತಿಗೆ’. ನಡುವೆ ೧೯೪೫ರ ‘ಐರಾವತ’ದಂಥವನ್ನು ಬಿಟ್ಟರೆ, ಕವಿಯ ಮೂವತ್ತೇಳನೆಯ ವಯಸ್ಸಿನವರೆಗೆ ಹೆಸರುಗಳಲ್ಲಿ ಬಹುಮಟ್ಟಿಗೆ ಮಲ್ಲಿಗೆಯ ಸುಳಿವು. ಅನಂತರ ೧೯೫೮ರಲ್ಲಿ ‘ಶಿಲಾಲತೆ’, ೧೯೬೦ರಲ್ಲಿ ‘ಮನೆಯಿಂದ ಮನೆಗೆ’, ಮತ್ತೆ ೧೯೭೭ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ‘ತೆರೆದ ಬಾಗಿಲು’: ಕಲ್ಲು, ಮನೆ, ಬಾಗಿಲು. ಅರವತ್ತೆಂಟನೆಯ ವಯಸ್ಸಿನಲ್ಲಿ ‘ನವಪಲ್ಲವ’. ಎಪ್ಪತ್ತೆಂಟರಲ್ಲಿ, ೧೯೯೩ರಲ್ಲಿ, ‘ದುಂಡುಮಲ್ಲಿಗೆ’. ಹೂವಿನಿಂದ ಹೊರಟು ಕಲ್ಲುಕಟ್ಟಡಗಳ ನಡುವೆ ಹಾದು ಚಿಗುರಿಗೂ ಹೂವಿಗೂ ಮರಳಿದ ಹಾದಿಯಿದು. ಹೆಸರುಗಳಿಂದಲೇ ಸಿದ್ಧಾಂತವನ್ನು ಕಟ್ಟಲಾಗದು. ಆದರೆ ಹೆಸರಿಡುವಾಗ ಕವಿಯು ತನ್ನ ಕೃತಿಯನ್ನು ತಾನೇ ಒಮ್ಮೆ ಓದಿಕೊಂಡಿರುವನೆಂಬುದನ್ನು ಮರೆಯಲಾಗದು.

೪

೧೯೬೫ರಲ್ಲಿ ಎಲಿಯಟ್ ಜಾಕ್ಸ್ ಎಂಬ ಮನೋವಿಶ್ಲೇಷಕರು ಮೃತ್ಯುವನ್ನೂ ನಡುವಯಸ್ಸಿನ ತಳಮಳವನ್ನೂ ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಪಾಶ್ಚಾತ್ಯ ಚಿತ್ರಕಾರರು, ಸಂಗೀತಕಾರರು, ಕವಿಗಳು, ಶಿಲ್ಪಿಗಳು ಮೊದಲಾದ ೩೧೦ ಮಂದಿಯ ಜೀವನವನ್ನು ಪರಿಶೀಲಿಸಿ, ಮೂವತ್ತೈದರ ಆಸುಪಾಸಿನಲ್ಲಿ ಅವರ ಬಾಳಿನಲ್ಲಿ ಒಂದು ಬಿರುಕು ಕಾಣುವುದೆಂದು ಅವರು ಹೇಳಿದರು: ಕೆಲವರು ಆಗ ಸಾಯುವರು, ಕೆಲವರು ಬರಿದಾಗುವರು, ಉಳಿದವರ ಸೃಷ್ಟಿಯ ರೀತಿಯೇ ಬದಲಾಗುವುದು. ತಾರುಣ್ಯದ ಸೃಷ್ಟಿಯು ಕುಲುಮೆಯಿಂದ ಆಗತಾನೆ ತೆಗೆದುದರಂತೆ ಬಿಸಿಯಾದುದು, ಬಂದಂತೆಯೇ ಮುಗಿದುದು. ಆಮೇಲಿನದು ಕಡೆದು ನಿಲ್ಲಿಸಿದುದು. ಮೊದಲ ಸ್ಫೂರ್ತಿಗೂ ಮುಗಿದ ಕೃತಿಗೂ ನಡುವೆ ದೀರ್ಘವಾದ ಕೆಲಸವಿರುವುದು, ಕೈಯಲ್ಲಿರುವ ವಸ್ತುವು ಎದುರುನಿಂತು ಪ್ರತಿಭಟಿಸುವುದು. ಈ ಮಾರ್ಪಾಡಿಗೆ ಮೂಲವೇನೆಂದರೆ, ತನ್ನ ಸಾವು ದೂರದ ವಾರ್ತೆಯಲ್ಲ, ತನ್ನದೇ ಸಂಗತಿ ಎಂಬ ಅರಿವು.

ಈ ಮಾತನ್ನು ಬರೆಯುವುದಕ್ಕೆ ಏಳು ವರ್ಷ ಮುಂಚೆಯೇ, ಅವರ ಹೆಸರನ್ನೂ ಕೇಳಿರದ ಕನ್ನಡ ಕವಿಯೊಬ್ಬನು ನಲವತ್ತಮೂರನೆಯ ವಯಸ್ಸಿನಲ್ಲಿ ತನ್ನ ಸಂಕಲನಕ್ಕೆ ‘ಶಿಲಾಲತೆ’ ಎಂದು ಹೆಸರಿಟ್ಟಿದ್ದನು. ಲತೆಯು ಬೆಳೆಯತಕ್ಕುದು, ಬಾಗತಕ್ಕುದು. ಶಿಲೆಯು ನಿಂತುದು, ಉಳಿಯತಕ್ಕುದು. ಬಳ್ಳಿಯ ಬಾಗನ್ನು ಕಲ್ಲಿನಲ್ಲಿ ಉಳಿಸಬೇಕಾದರೆ ಉಳಿಯ ಪೆಟ್ಟು ಬೇಕು. ಉಳಿದ ಬಳ್ಳಿ ಹೂ ಬಿಡದು. ಲಾಭನಷ್ಟಗಳೆರಡೂ ಒಂದೇ ಸಮಾಸದಲ್ಲಿ ಕೂಡಿವೆ. ‘ಮಲ್ಲಿಗೆ’ಯ ಕವಿತೆಗಳನ್ನು ಒಮ್ಮೆ ಕೇಳಿದವನು ಹಾಡಬಲ್ಲನು; ‘ಶಿಲಾಲತೆ’ಯ ಕವಿತೆಗಳನ್ನು ಎರಡನೆಯ ಸಲ ಓದದೆ ಪ್ರವೇಶವಿಲ್ಲ. ಅಲ್ಲಿ ಲಯವು ಹಾಡಿನಿಂದ ಮಾತಿನ ಕಡೆಗೆ ಸರಿದಿದೆ. ಪ್ರತಿಮೆಗಳು ಭಾವವನ್ನು ಅಲಂಕರಿಸದೆ ಅದರ ಬದಲಿಗೆ ತಾವೇ ನಿಂತಿವೆ. ‘ಗಡಿಯಾರದಂಗಡಿಯ ಮುಂದೆ’ ಎಂಬ ಕವಿತೆಯ ಹೆಸರನ್ನೇ ನೋಡಬಹುದು. ‘ಮಲ್ಲಿಗೆ’ಯಲ್ಲಿ ಕಾಲವೆಂದರೆ ಕಾಯುವ ಹೊತ್ತು: ಇರುಳು, ಬೆಳಗು, ಹಬ್ಬ. ಇಲ್ಲಿ ಕಾಲವೇ ವಸ್ತುವಾಗಿ, ಪೇಟೆಯಲ್ಲಿ ಮಾರಾಟಕ್ಕಿಟ್ಟ ಯಂತ್ರವಾಗಿ, ನಿಂತು ನೋಡುವವನ ಎದುರಿಗೆ ಬಂದಿದೆ. ಹಾದಿಯ ತುದಿಯಲ್ಲಿ ಮಾವನ ಮನೆಯಿದ್ದ ಕಡೆ ಈಗ ಗಡಿಯಾರದಂಗಡಿಯಿದೆ. ವಯಸ್ಸನ್ನು ಮುಂದಿನಿಂದಲ್ಲ, ಹಿಂದಿನಿಂದ ಎಣಿಸಲಾರಂಭಿಸುವುದು ನಡುವಯಸ್ಸಿನ ಲಕ್ಷಣವೆಂದು ಬರ್ನೀಸ್ ನ್ಯೂಗಾರ್ಟನ್ ಅವರು ೧೯೬೦ರ ದಶಕದಲ್ಲಿ ತಿಳಿಸಿದರು. ಹುಟ್ಟಿ ಎಷ್ಟು ವರ್ಷವಾಯಿತೆಂಬುದಕ್ಕಿಂತ ಉಳಿದುದು ಎಷ್ಟೆಂಬುದು ಆಗ ಮುಖ್ಯವಾಗುವುದು. ಗಡಿಯಾರದ ಮುಂದೆ ನಿಂತ ಕವಿಗೆ ಈ ಎಣಿಕೆ ಅಪರಿಚಿತವಲ್ಲ.

೫

ಇಷ್ಟಕ್ಕೆ ನಿಲ್ಲಿಸಿದರೆ ವಿಚಾರವು ಅರ್ಧವಾಗುವುದು; ಏಕೆಂದರೆ ೧೯೫೮ರಲ್ಲಿ ಕವಿಗೆ ನಲವತ್ತಮೂರು ತುಂಬಿದಂತೆಯೇ ಕನ್ನಡದಲ್ಲಿ ನವ್ಯವೂ ಬಲಿತಿದ್ದಿತು. ಎರಡು ಕಾರಣಗಳು ಒಂದೇ ಸಮಯದಲ್ಲಿ ಕೂಡಿರುವಾಗ ಕಾರ್ಯವು ಯಾವುದರದೆಂದು ಹೇಗೆ ಹೇಳುವುದು? ಇದೇ ತೊಡಕನ್ನು ಮನಶ್ಶಾಸ್ತ್ರಜ್ಞರೂ ಎದುರಿಸಿರುವರು. ಇಂದಿನ ಇಪ್ಪತ್ತೈದರವರನ್ನು ಇಂದಿನ ಅರವತ್ತರವರೊಡನೆ ಹೋಲಿಸಿ, ಬುದ್ಧಿಯು ವಯಸ್ಸಿನಿಂದ ಕುಗ್ಗಿತೆಂದು ಮೊದಲಿನವರು ಹೇಳಿದ್ದರು. ಆದರೆ ಅರವತ್ತರವರು ಬೇರೆ ಕಾಲದ ಶಾಲೆಯಲ್ಲಿ ಓದಿದವರು, ಬೇರೆ ಅನ್ನ ಉಂಡವರು. ಕುಗ್ಗು ವಯಸ್ಸಿನದೋ ತಲೆಮಾರಿನದೋ ತಿಳಿಯದು. ವಾರ್ನರ್ ಷೈ ಅವರು ೧೯೫೬ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ೫೦೦ ಮಂದಿಯಿಂದ ಆರಂಭಿಸಿದ ಪರಿಶೀಲನೆಯು, ಅದೇ ಜನರನ್ನು ಏಳೇಳು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸಿ, ಪ್ರತಿಯೊಂದು ಸಲವೂ ಹೊಸಬರನ್ನು ಸೇರಿಸಿಕೊಂಡು, ಈ ಎರಡು ಎಳೆಗಳನ್ನು ಬಿಡಿಸಲೆತ್ನಿಸಿತು. ಹಾಗೆ ಬಿಡಿಸಿದಾಗ, ಕುಗ್ಗೆಂದು ತೋರಿದುದರಲ್ಲಿ ಬಹುಭಾಗವು ತಲೆಮಾರಿನ ವ್ಯತ್ಯಾಸವೆಂದೂ, ಗ್ರಹಿಕೆಯ ವೇಗವು ಬೇಗ ಇಳಿದರೂ ಮಾತಿನ ಶಕ್ತಿಯು ನಡುವಯಸ್ಸಿನಲ್ಲಿ ಏರಿಯೇ ಇರುವುದೆಂದೂ ಗೊತ್ತಾಯಿತು.

ವಿಮರ್ಶೆಗೂ ಇದೇ ಉಪಾಯವು ಒದಗುವುದು. ಒಂದೇ ವಯಸ್ಸಿನ, ಬೇರೆ ತಲೆಮಾರಿನ ಕವಿಯೊಬ್ಬನನ್ನೂ, ಒಂದೇ ತಲೆಮಾರಿನ, ಬೇರೆ ವಯಸ್ಸಿನಲ್ಲಿ ಬದಲಾದ ಕವಿಯೊಬ್ಬನನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಮೊದಲನೆಯದಕ್ಕೆ ಬೇಂದ್ರೆಯವರಿರುವರು. ೧೮೯೬ರಲ್ಲಿ ಹುಟ್ಟಿದ ಅವರ ‘ಸಖೀಗೀತ’ ಪ್ರಕಟವಾದುದು ೧೯೩೭ರಲ್ಲಿ, ಕವಿಯ ನಲವತ್ತೊಂದನೆಯ ವಯಸ್ಸಿನಲ್ಲಿ. ಆಗ ನವ್ಯದ ಹೆಸರೂ ಇರಲಿಲ್ಲ. ಅದು ಹೆಂಡತಿಯನ್ನು ಸಖಿಯೆಂದು ಕರೆದು, ಕೂಡಿ ಬಾಳಿದ ವರ್ಷಗಳ ಸುಖದುಃಖಗಳನ್ನು ಹಿಂದಿರುಗಿ ನೋಡುವ ಕೃತಿ. ಬಡತನ, ಮಕ್ಕಳ ಸಾವು, ಬಾಳಿನ ಅಲೆದಾಟ ಇವು ಅಲ್ಲಿ ದಾಂಪತ್ಯದ ಹೊರಗಿನ ಅಡ್ಡಿಗಳಾಗಿರದೆ ದಾಂಪತ್ಯದ ಒಳಗಿನ ಹೂರಣವೇ ಆಗಿವೆ. ಮರುವರ್ಷದ ‘ನಾದಲೀಲೆ’ಯಲ್ಲಿಯೂ ಮಗುವಿನ ಸಾವಿನ ಎದುರಿಗೆ ನಿಂತ ಗಂಡಹೆಂಡಿರ ನೋಟವು ಒಂದು ಕವಿತೆಯಾಗಿದೆ. ಹೀಗೆ ನವ್ಯದ ನೆರವಿಲ್ಲದೆಯೇ ನಡುವಯಸ್ಸಿನ ದಾಂಪತ್ಯವು ಕನ್ನಡ ಕಾವ್ಯದೊಳಕ್ಕೆ ಬಂದಿದ್ದಿತು. ಆದರೆ ಬೇಂದ್ರೆಯವರು ಇದಕ್ಕಾಗಿ ದೇಸಿಯ ಧಾಟಿಯನ್ನು ಬಿಡಲಿಲ್ಲ. ಅವರ ದುಃಖವು ಹಾಡುತ್ತಲೇ ಇದೆ.

ಎರಡನೆಯದಕ್ಕೆ ಗೋಪಾಲಕೃಷ್ಣ ಅಡಿಗರಿರುವರು. ಅವರು ಹುಟ್ಟಿದುದು ೧೯೧೮ರಲ್ಲಿ. ನರಸಿಂಹಸ್ವಾಮಿಯವರಿಗಿಂತ ಮೂರೇ ವರ್ಷ ಚಿಕ್ಕವರು. ೧೯೪೬ರ ‘ಭಾವತರಂಗ’ದ ನವೋದಯದ ಕವಿಯು ೧೯೫೪ರ ‘ಚಂಡೆಮದ್ದಳೆ’ಯಲ್ಲಿ ಮೂವತ್ತಾರನೆಯ ವಯಸ್ಸಿಗೇ ನವ್ಯನಾದನು, ೧೯೫೯ರ ‘ಭೂಮಿಗೀತ’ದಲ್ಲಿ ನಲವತ್ತೊಂದಕ್ಕೆ ಆ ಮಾರ್ಗವು ಪೂರ್ಣವಾಯಿತು. ರೀತಿಯಲ್ಲಿ ‘ಶಿಲಾಲತೆ’ಗೂ ಇವಕ್ಕೂ ನೆರೆಹೊರೆಯ ನಂಟುಂಟು. ವಸ್ತುವಿನಲ್ಲಿ ಇಲ್ಲ. ಅಡಿಗರ ತಳಮಳವು ಬೀದಿಯಲ್ಲಿ, ರಾಷ್ಟ್ರದಲ್ಲಿ, ತನ್ನೊಳಗಿನ ಪಾತಾಳದಲ್ಲಿ ನಡೆಯುವುದು. ನರಸಿಂಹಸ್ವಾಮಿಯವರದು ಹೊಸ್ತಿಲನ್ನು ದಾಟಿ ಹೋದರೂ ಮನೆಯನ್ನು ಬಿಟ್ಟುಹೋಗದು.

ಈ ಎರಡು ಹೋಲಿಕೆಗಳಿಂದ ಫಲಿಸುವುದಿಷ್ಟು. ನವ್ಯವೊಂದೇ ಕಾರಣವಾಗಿದ್ದರೆ, ನವ್ಯಪೂರ್ವದ ನಲವತ್ತೊಂದರ ಬೇಂದ್ರೆಯವರಲ್ಲಿ ಈ ವಸ್ತು ಇರತಕ್ಕುದಲ್ಲ; ಇದೆ. ವಯಸ್ಸೊಂದೇ ಕಾರಣವಾಗಿದ್ದರೆ, ಬೇಂದ್ರೆಯವರ ರೀತಿಯೂ ‘ಶಿಲಾಲತೆ’ಯಂತೆ ಕಲ್ಲಾಗಬೇಕಿತ್ತು, ಆಗಲಿಲ್ಲ. ಆದುದರಿಂದ ‘ಶಿಲಾಲತೆ’ಯಲ್ಲಿ ವಸ್ತುವನ್ನು ತಂದುದು ಕವಿಯ ವಯಸ್ಸು, ರೀತಿಯನ್ನು ಕೊಟ್ಟುದು ಕಾವ್ಯದ ವಯಸ್ಸು ಎನ್ನುವುದು ಸಂಗತವಾಗಿ ತೋರುವುದು. ಅಡಿಗರ ಉದಾಹರಣೆಯು ಇದಕ್ಕೆ ಮೂರನೆಯ ಮಾತೊಂದನ್ನು ಸೇರಿಸುವುದು: ನಡುವಯಸ್ಸಿನ ತಳಮಳವು ಎಲ್ಲರಿಗೂ ಬಂದರೂ, ಅದು ಎಲ್ಲಿ ಮನೆಮಾಡುವುದೆಂಬುದನ್ನು ಕವಿಯ ಸ್ವಭಾವವೇ ನಿಶ್ಚಯಿಸುವುದು. ಮೂವರು ಕವಿಗಳಿಂದ ನಿಯಮವೊಂದು ಸಿದ್ಧವಾಗದೆಂಬುದು ನಿಜ. ಆದರೆ ‘ನವ್ಯದ ಪ್ರಭಾವ’ ಎಂಬ ಒಂದೇ ಕೀಲಿಯು ಎಲ್ಲ ಬೀಗಗಳಿಗೂ ಒಪ್ಪದೆಂದು ತೋರಿಸಲು ಮೂವರು ಸಾಕು.

ಜಾಕ್ಸ್‌ರ ಸಿದ್ಧಾಂತವೂ ಕನ್ನಡದ ಒರೆಗಲ್ಲಿನಲ್ಲಿ ಪೂರ್ತಿಯಾಗಿ ನಿಲ್ಲದು. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ೧೯೩೬ರಿಂದ ೧೯೪೫ರವರೆಗೆ, ತಮ್ಮ ಮೂವತ್ತೊಂದಕ್ಕೂ ನಲವತ್ತಕ್ಕೂ ನಡುವೆ, ಒಂಬತ್ತು ವರ್ಷ ಕಡೆದುದು ಅವರ ಮಾತಿಗೆ ಸಾಕ್ಷಿಯಾಗುವುದು. ಆದರೆ ಮೂವತ್ತೊಂಬತ್ತರ ಪಂಪನು ತನ್ನ ಎರಡು ಮಹಾಕಾವ್ಯಗಳಲ್ಲಿ ಒಂದನ್ನು ಆರು ತಿಂಗಳಲ್ಲಿಯೂ ಇನ್ನೊಂದನ್ನು ಮೂರು ತಿಂಗಳಲ್ಲಿಯೂ ಮುಗಿಸಿದುದಾಗಿ ತಾನೇ ಹೇಳಿಕೊಂಡಿರುವನು. ಆ ವೇಗವು ಕುಲುಮೆಯದು. ಆ ಘನತೆ ಉಳಿಯದು. ಹರಳುಗಟ್ಟಿದ ಬುದ್ಧಿಯು ಸಾಕಷ್ಟು ಶೇಖರವಾಗಿರುವಲ್ಲಿ, ಕಡೆಯುವ ಕೆಲಸವು ಬರೆಯುವುದಕ್ಕೆ ಮುಂಚೆಯೇ ಮುಗಿದಿರಬಹುದೆಂಬುದನ್ನು ಜಾಕ್ಸ್‌ರ ವಿಂಗಡಣೆಯು ಗಣನೆಗೆ ತಂದುಕೊಂಡಿಲ್ಲ.

೬

ಇದುವರೆಗೆ ಹೆಸರಿಸಿದ ಕವಿಗಳೆಲ್ಲರೂ ಪುರುಷರು. ಈ ಲೋಪವು ಕನ್ನಡದ್ದು ಮಾತ್ರವಲ್ಲ. ೧೯೭೮ರಲ್ಲಿ ಡೇನಿಯಲ್ ಲೆವಿನ್‌ಸನ್ ಅವರು ಬಾಳಿನ ಋತುಗಳನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥದಲ್ಲಿ ವಿಚಾರಿಸಿದ ನಲವತ್ತು ಜನರೂ ಪುರುಷರೇ. ಅವರಲ್ಲಿ ಹತ್ತು ಮಂದಿ ಕಾದಂಬರಿಕಾರರು. ಕಾದಂಬರಿಕಾರ್ತಿ ಒಬ್ಬಳೂ ಇಲ್ಲ. ಸ್ತ್ರೀಯರನ್ನು ಕುರಿತ ಅವರ ಗ್ರಂಥವು ಅವರು ಕಾಲವಾದ ಮೇಲೆ, ೧೯೯೬ರಲ್ಲಿ, ಹೊರಬಂದಿತು. ‘ಮೈಸೂರು ಮಲ್ಲಿಗೆ’ಯ ತರುಣಿಯು ತನ್ನ ನಲವತ್ತಮೂರರಲ್ಲಿ ಏನನ್ನು ಬರೆಯುತ್ತಿದ್ದಳೆಂಬ ಪ್ರಶ್ನೆಗೆ ಆ ಸಂಕಲನದಲ್ಲಿಯಾಗಲಿ ‘ಶಿಲಾಲತೆ’ಯಲ್ಲಿಯಾಗಲಿ ಉತ್ತರವಿಲ್ಲ.

ಉತ್ತರವನ್ನು ಬೇರೆ ಕಡೆ ಹುಡುಕಬೇಕು. ಎಂ. ಕೆ. ಇಂದಿರಾ ಅವರು ಹುಟ್ಟಿದುದು ೧೯೧೭ರಲ್ಲಿ, ನರಸಿಂಹಸ್ವಾಮಿಯವರ ತಲೆಮಾರಿನವರೇ. ಅವರ ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂದುದು ೧೯೬೩ರಲ್ಲಿ, ಅವರ ನಲವತ್ತಾರನೆಯ ವಯಸ್ಸಿನಲ್ಲಿ. ಕವಿಯು ಮಲ್ಲಿಗೆಯನ್ನು ಮುಗಿಸಿ ಶಿಲೆಯನ್ನೂ ಕಡೆದಿದ್ದ ಹೊತ್ತಿಗೆ ಇವರು ಇನ್ನೂ ಆರಂಭಿಸಿದ್ದರು. ತಾರುಣ್ಯದಲ್ಲಿ ಸಂಸಾರವು ಪುರುಷನಿಗೆ ಕಾವ್ಯದ ವಸ್ತುವಾಯಿತು. ಸ್ತ್ರೀಗೆ ಅದು ದಿನದ ದುಡಿಮೆಯಾಗಿ ಕೈಯನ್ನು ಕಟ್ಟಿಹಾಕಿತು. ಯಾವ ವಯಸ್ಸಿಗೆ ಯಾವ ಕೆಲಸವೆಂದು ಸಮಾಜವು ಗೊತ್ತುಮಾಡುವ ಲೆಕ್ಕವನ್ನು ನ್ಯೂಗಾರ್ಟನ್ ಅವರು ಸಾಮಾಜಿಕ ಗಡಿಯಾರವೆಂದು ಕರೆದರು. ಆ ಗಡಿಯಾರವು ಒಂದೇ ಮನೆಯೊಳಗೆ ಗಂಡನಿಗೊಂದು ಗಂಟೆಯನ್ನೂ ಹೆಂಡತಿಗೊಂದು ಗಂಟೆಯನ್ನೂ ತೋರಿಸಬಲ್ಲದು. ಲೇಮನ್‌ರ ಶಿಖರಗಳು ದೇಹಧರ್ಮದಿಂದ ಎಷ್ಟು ಮಟ್ಟಿಗೆ ಎದ್ದವು, ಬಿಡುವಿನಿಂದ ಎಷ್ಟು ಮಟ್ಟಿಗೆ ಎದ್ದವು ಎಂಬ ಸಂದೇಹವನ್ನು ಈ ಒಂದು ಉದಾಹರಣೆಯೇ ಎಬ್ಬಿಸುವುದು. ಇನ್ನೊಂದು ಕಡೆ ತ್ರಿವೇಣಿಯವರು (೧೯೨೮–೧೯೬೩) ನಡುವಯಸ್ಸಿನ ಬಾಗಿಲನ್ನೂ ಮುಟ್ಟದೆ ಮೂವತ್ತನಾಲ್ಕರಲ್ಲಿಯೇ ಕಾಲವಾದರು. ಅವರ ‘ಶರಪಂಜರ’ದ ಕಾವೇರಿಯು ಬಾಣಂತನದ ತರುವಾಯದ ಮನೋರೋಗದಿಂದ ಗುಣಹೊಂದಿ ಬಂದರೂ, ಗೃಹಿಣಿಯ ಸ್ಥಾನವನ್ನು ಮನೆಯೂ ನೆರೆಯೂ ಅವಳಿಗೆ ಮರಳಿ ಕೊಡಲಿಲ್ಲ. ದೇಹ, ಮನಸ್ಸು, ಸಮಾಜ ಈ ಮೂರರಲ್ಲಿ ಮೊದಲೆರಡು ಸರಿಹೋದರೂ ಮೂರನೆಯದು ಬಾಳನ್ನು ತಡೆಯಬಲ್ಲದೆಂಬುದನ್ನು ಇಷ್ಟು ಖಚಿತವಾಗಿ ತೋರಿಸಿದ ಕೃತಿಗಳು ಕನ್ನಡದಲ್ಲಿ ಹೆಚ್ಚಿಲ್ಲ.

ಇಂದಿರಾ ಅವರು ೧೯೭೬ರಲ್ಲಿ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ‘ಫಣಿಯಮ್ಮ’ವನ್ನು ಪ್ರಕಟಿಸಿದರು. ಬಾಲವಿಧವೆಯೊಬ್ಬಳ ಇಡೀ ಆಯುಸ್ಸೇ ಅದರ ಕಥೆ. ಎರಿಕ್ಸನ್‌ರ ಕ್ರಮದಲ್ಲಿ ತಾರುಣ್ಯದ ಆಪ್ತತೆಯು ಕೈಗೂಡದವನಿಗೆ ನಡುವಯಸ್ಸಿನ ಸಂವರ್ಧನವು ಕಷ್ಟಸಾಧ್ಯ. ಫಣಿಯಮ್ಮನಿಗೆ ಗಂಡನಿಲ್ಲ, ಮಕ್ಕಳಿಲ್ಲ, ಆಪ್ತತೆಯ ಘಟ್ಟವನ್ನೇ ರೂಢಿಯು ಅವಳಿಂದ ಕಿತ್ತುಕೊಂಡಿದೆ. ಆದರೂ ಅವಳು ಸಂಕಟದಲ್ಲಿರುವ ಹೆಂಗಸಿನ ಹೆರಿಗೆಗೆ, ಜಾತಿಯ ಗೆರೆಯನ್ನೂ ದಾಟಿ, ಕೈಕೊಡುವಳು. ತಾನು ಹೆರದವಳು ಹೆರಿಸಿದಳು. ಸಂವರ್ಧನಕ್ಕೆ ಸ್ವಂತ ಸಂತಾನವೇ ಬೇಕೆಂದಿಲ್ಲವೆಂದು ಎರಿಕ್ಸನ್ ಅವರೂ ಒಪ್ಪಿದ್ದರು. ಆದರೆ ಒಂದು ಘಟ್ಟವನ್ನು ಬಿಟ್ಟು ಮುಂದಿನದಕ್ಕೆ ದಾಟಬಹುದೆಂಬುದನ್ನು ಸಿದ್ಧಾಂತಕ್ಕಿಂತ ಗಟ್ಟಿಯಾಗಿ ಈ ಕಾದಂಬರಿಯು ಹೇಳಿದೆ. ಶಾಸ್ತ್ರವು ಸಾಹಿತ್ಯವನ್ನು ಬೆಳಗಬಲ್ಲುದು. ಸಾಹಿತ್ಯವು ಶಾಸ್ತ್ರವನ್ನು ತಿದ್ದಬಲ್ಲುದೆಂಬುದಕ್ಕೆ ಇದು ನಿದರ್ಶನ.

೭

ಈ ವಿಚಾರವು ಪಾಠಶಾಲೆಯ ಬಾಗಿಲಿನಲ್ಲಿ ಮುಗಿಯತಕ್ಕುದು. ‘ಮೈಸೂರು ಮಲ್ಲಿಗೆ’ಯನ್ನು ಹದಿನೆಂಟರ ವಿದ್ಯಾರ್ಥಿಗಳಿಗೆ ನಲವತ್ತೈದರ ಅಧ್ಯಾಪಕರು ಬೋಧಿಸುವುದು ಸಾಮಾನ್ಯವಾದ ಪರಿಸ್ಥಿತಿ. ಓದುವವರು ಆ ವಯಸ್ಸನ್ನು ಇನ್ನೂ ಮುಟ್ಟಿಲ್ಲ. ಓದಿಸುವವರು ಅದನ್ನು ದಾಟಿರುವರು. ಒಬ್ಬರಿಗೆ ಅದು ಕನಸು, ಇನ್ನೊಬ್ಬರಿಗೆ ನೆನಪು. ಕವಿಯ ತಾರುಣ್ಯವನ್ನಷ್ಟೇ ಪದ್ಯಸಂಗ್ರಹಗಳಲ್ಲಿ ಉಳಿಸಿಕೊಂಡು ನಡುವಯಸ್ಸನ್ನು ಪ್ರಭಾವದ ಖಾತೆಗೆ ಬರೆದುಬಿಟ್ಟರೆ, ಬಾಳಿನಲ್ಲಿ ಹಾಡತಕ್ಕುದೆಲ್ಲ ಮೂವತ್ತರೊಳಗೇ ಮುಗಿಯುವುದೆಂಬ ತಪ್ಪು ತಿಳಿವಳಿಕೆಯನ್ನು ಎರಡು ಪಕ್ಷದವರಿಗೂ ಕಲಿಸಿದಂತಾಗುವುದು. ‘ಮಲ್ಲಿಗೆ’ಯ ಒಂದು ಕವಿತೆಯ ಎದುರುಪುಟದಲ್ಲಿ ‘ಶಿಲಾಲತೆ’ಯ ಒಂದು ಕವಿತೆಯನ್ನು ಅಚ್ಚುಮಾಡಿ, ಎರಡರ ಕೆಳಗೂ ಪ್ರಕಟನೆಯ ವರ್ಷದೊಡನೆ ಕವಿಯ ವಯಸ್ಸನ್ನು ನಮೂದಿಸುವುದಾದರೆ, ವ್ಯಾಖ್ಯಾನದ ಅರ್ಧ ಭಾರವು ಇಳಿಯುವುದು.

‘ಮಲ್ಲಿಗೆ’ಯು ದೊಡ್ಡದೋ ‘ಶಿಲಾಲತೆ’ಯು ದೊಡ್ಡದೋ ಎಂಬ ತಕರಾರಿಗೆ ಆಗ ಎಡೆಯಿರದು. ಮೊದಲನೆಯದರಲ್ಲಿ ಹೆಂಡತಿಯ ಬರವನ್ನು ಕಾಯುವ ಗಂಡನಿರುವನು. ಎರಡನೆಯದರಲ್ಲಿ ಅವಳು ಬಂದು ಇಪ್ಪತ್ತು ವರ್ಷವಾದ ಮನೆಯಿದೆ. ಕಾದು ಪಡೆದುದನ್ನು ಉಳಿಸಿಕೊಳ್ಳುವುದು ಹೇಗೆಂಬುದು ಕಾಯುವುದಕ್ಕಿಂತ ಸುಲಭದ ಪ್ರಶ್ನೆಯಲ್ಲ, ಅದನ್ನು ಕೇಳಿದ ಕಾವ್ಯವು ಇಳಿಜಾರಿನ ಕಾವ್ಯವೂ ಅಲ್ಲ.